ಗೀಸರ್ ಸದ್ದು ಮಾಡಿದರೆ
ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರ್ ಹಾಕಿದ ಸ್ವಲ್ಪ ಹೊತ್ತಿಗೇ ಒಳಗಿನಿಂದ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಸದ್ದು ಬರುವುದುಂಟು. ‘ಹಳೇದಾಯ್ತು, ಹಾಗೇ ಇರುತ್ತೆ’ ಎಂದು ಸುಮ್ಮನಾಗುವವರೇ ಹೆಚ್ಚು. ಸುಮ್ಮನಾಗಬಾರದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾಯಿಲ್ ಮೇಲೆ ಬಿಳಿ ಹಕ್ಕಳೆಯಾಗಿ ಕಟ್ಟಿಕೊಂಡಿರುತ್ತವೆ; ಅದರಡಿ ಸಿಕ್ಕಿಬಿದ್ದ ನೀರು ಆವಿಯಾಗಿ ಸಿಡಿಯುವ ಸದ್ದದು. ಶಾಖ ನೀರಿಗೆ ಸರಿಯಾಗಿ ದಾಟದೆ ಕಾಯಿಲ್ ತಾನೇ ಕಾದು ಸುಟ್ಟುಹೋಗುತ್ತದೆ. ಮೆಕ್ಯಾನಿಕ್ ಬಂದಾಗ ಹಕ್ಕಳೆ ತೆಗೆಸಿ, ಮೆಗ್ನೀಸಿಯಂ ರಾಡ್ ಸವೆದಿದೆಯೇ ಎಂದೂ ನೋಡಿಸಿ. ಟ್ಯಾಂಕನ್ನು ತುಕ್ಕಿನಿಂದ ಕಾಯುವುದು ಅದೇ. ಆದರೆ ಎಷ್ಟು ಹೊತ್ತಾದರೂ ಲೈಟ್ ಆರದೆ, ಒಳಗೆ ಕೊತಕೊತ ಕುದಿಯುವ ಸದ್ದು ಕೇಳಿದರೆ ಥರ್ಮೋಸ್ಟಾಟ್ ಕೆಟ್ಟಿರಬಹುದು. ಆಗ ಬಿಸಿನೀರಿನ ನಲ್ಲಿ ಮುಟ್ಟದೆ, ಮೊದಲು ಮೇನ್ ಸ್ವಿಚ್ ಆಫ್ ಮಾಡಿ.