ಇಸುಬು ಇರುವ ಗೆಳೆಯನ ಪಕ್ಕ ಕೂರಿ

ಮಕ್ಕಳೇ, ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂಭಾಗದಲ್ಲಿ ಚರ್ಮ ಒಣಗಿ, ಕೆಂಪಾಗಿ, ಸದಾ ತುರಿಸಿಕೊಳ್ಳುವ ಸಹಪಾಠಿ ನಿಮ್ಮ ತರಗತಿಯಲ್ಲೂ ಇರಬಹುದು. ಅದು ಇಸುಬು ಆಗಿರಬಹುದು. ವೈದ್ಯರು ಇದನ್ನು ಎಕ್ಸಿಮಾ ಎನ್ನುತ್ತಾರೆ.

ನಮ್ಮ ಚರ್ಮ ಗೋಡೆಯಿದ್ದಂತೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ರೋಗಾಣು ಒಳಬಾರದಂತೆ ತಡೆಯುತ್ತದೆ. ಇಸುಬು ಇರುವವರಲ್ಲಿ ಈ ಗೋಡೆ ದುರ್ಬಲ. ಚರ್ಮ ಒಣಗಿ ತುರಿಕೆ ಹುಟ್ಟುತ್ತದೆ. ತುರಿಸಿದಷ್ಟೂ ಗಾಯ, ಗಾಯವಾದಷ್ಟೂ ತುರಿಕೆ. ರಾತ್ರಿ ಇದರ ಕಾಟ ಹೆಚ್ಚು. ನಿದ್ದೆಗೆಟ್ಟ ಮಗು ಮರುದಿನ ಪಾಠದ ಹೊತ್ತಿಗೆ ತೂಕಡಿಸಿದರೆ ಅದು ಸೋಮಾರಿತನವಲ್ಲ.

1995ರಲ್ಲಿ ಬ್ರಿಟನ್ನಿನ ಚರ್ಮವೈದ್ಯರು ಚರ್ಮರೋಗವಿರುವ ಮಕ್ಕಳಿಗೆ ಕೇಳಲು 10 ಪ್ರಶ್ನೆಗಳನ್ನು ಸಿದ್ಧಪಡಿಸಿದರು. ಕಳೆದ ವಾರ ಎಷ್ಟು ತುರಿಸಿತು, ನಿದ್ದೆ ಕೆಟ್ಟಿತೇ ಎಂಬುವುಗಳ ಜೊತೆಗೆ, ಗೆಳೆತನಕ್ಕೆ ತೊಂದರೆಯಾಯಿತೇ, ಯಾರಾದರೂ ಹಂಗಿಸಿದರೇ, ದೂರವಿಟ್ಟರೇ ಎಂದೂ ಅದರಲ್ಲಿ ಕೇಳಲಾಗಿದೆ. ನೋಡಿ, ತುರಿಕೆಗೆ ವೈದ್ಯರ ಬಳಿ ಮುಲಾಮು ಇದೆ. ಹಂಗಿಸುವ ಮಾತಿಗೆ ಮುಲಾಮಿಲ್ಲ. ಅದನ್ನು ನಿಲ್ಲಿಸಬೇಕಾದವರು ನೀವೇ.

ಕಜ್ಜಿ ಅಂಟುತ್ತದೆ, ಅದಕ್ಕೆ ಅತಿ ಸಣ್ಣ ನುಸಿ ಕಾರಣ. ಇಸುಬು ಅಂಟುವುದಿಲ್ಲ. ಪಕ್ಕದಲ್ಲಿ ಕುಳಿತರೆ, ಜೊತೆಗೆ ಬಿಸಿಯೂಟ ಮಾಡಿದರೆ, ಕಬಡ್ಡಿಯಲ್ಲಿ ಕೈ ಹಿಡಿದರೆ ಅದು ಬಾರದು. ಇದು ಕಜ್ಜಿಯೋ ಇಸುಬೋ ಎಂದು ವೈದ್ಯರು ನೋಡಿ ಹೇಳಲಿ. ನಾವೇ ತೀರ್ಪು ಕೊಡುವುದು ಬೇಡ.

ಬೆವರಿದಾಗ ತುರಿಕೆ ಹೆಚ್ಚಬಹುದು. ಗೆಳೆಯ ಸ್ವಲ್ಪ ಹೊತ್ತು ನೆರಳಲ್ಲಿ ಕೂರಲಿ. ಆಮೇಲೆ ಮರೆಯದೆ ಮತ್ತೆ ಆಟಕ್ಕೆ ಕರೆಯಿರಿ.