ಶಂಕುಚಿಪ್ಪಿನ ಒಡೆಯ

ಕಡಲತೀರಕ್ಕೆ ಹೋಗಿಬಂದವರ ಮನೆಯ ಕಪಾಟಿನಲ್ಲಿ ಶಂಖ ಕವಡೆಗಳೊಡನೆ ಒಂದೆರಡು ಶಂಕುಚಿಪ್ಪುಗಳೂ ಇರುವುದುಂಟು. ಬುಗುರಿಯಂತಹ ಆಕಾರ, ಪಿಂಗಾಣಿಯ ನುಣುಪು, ಮೈತುಂಬ ಕಂದು ಬಿಳುಪಿನ ಚಿತ್ತಾರ. ಮಕ್ಕಳ ಕೈ ಮೊದಲು ಹೋಗುವುದು ಇಂತಹುದರ ಮೇಲೆಯೇ. ಆದಕಾರಣ ಆ ಚಿಪ್ಪಿನ ಒಡೆಯನ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಅದು ಬಸವನಹುಳುವಿನ ಕುಲಕ್ಕೆ ಸೇರಿದ್ದು. ಆದರೆ ಹಿತ್ತಲಿನ ಬಸವನಹುಳುವಿನಂತೆ ಎಲೆ ಮೇಯುವ ಸಾಧುವಲ್ಲ, ಮಾಂಸಾಹಾರಿ. ಬೆಚ್ಚನೆಯ ಕಡಲುಗಳಲ್ಲಿ ಇದರ 700ಕ್ಕೂ ಮೇಲ್ಪಟ್ಟ ಜಾತಿಗಳಿವೆ. ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿಯೂ ಉಂಟು. ಹೆಚ್ಚಿನವು ಕಡಲಹುಳುಗಳನ್ನು ತಿನ್ನುತ್ತವೆ. ಕೆಲವು ತಮ್ಮ ನೆಂಟರಾದ ಇತರ ಬಸವನಹುಳುಗಳನ್ನೇ ಬಿಡುವುದಿಲ್ಲ. ಮೀನು ಹಿಡಿಯುವವೂ ಇವೆಯೆಂದರೆ ವಾಚಕರು ನಕ್ಕಾರು. ತೆವಳುವ ಪ್ರಾಣಿಯು ಈಜುವ ಮೀನನ್ನು ಹಿಡಿಯುವುದೆಂತು?

ಉಪಾಯ ಹೀಗಿದೆ. ಹಗಲೆಲ್ಲ ಮರಳಿನಲ್ಲಿ ಹುದುಗಿದ್ದು ಇರುಳು ಹೊರಬರುವ ಈ ಜೀವಿ, ನೀರಿನಲ್ಲಿ ಬೆರೆತ ವಾಸನೆಯಿಂದಲೇ ಮೀನಿನ ಇರವನ್ನರಿತು ಸೊಂಡಿಲನ್ನು ಮೆಲ್ಲನೆ ಚಾಚುತ್ತದೆ. ಅದರ ತುದಿಯಲ್ಲಿ ಟೊಳ್ಳಾದ ಹಲ್ಲೊಂದು, ಕೊಕ್ಕೆಯುಳ್ಳ ಈಟಿಯಂತೆ, ಸಿದ್ಧವಾಗಿರುತ್ತದೆ. ಮೀನಿನ ಮೈ ತಗಲಿತೋ, ಈಟಿ ನಾಟಿತು, ವಿಷ ಇಳಿಯಿತು. ಕೆಲವೇ ಕ್ಷಣಗಳಲ್ಲಿ ಮೀನು ಸೆಟೆದುಕೊಳ್ಳುತ್ತದೆ. ಆಮೇಲೆ ಅದನ್ನು ಇಡಿಯಾಗಿ ನುಂಗುವುದಷ್ಟೇ ಕೆಲಸ. ಒಮ್ಮೆ ಬಳಸಿದ ಹಲ್ಲು ಮತ್ತೆ ಉಪಯೋಗಕ್ಕೆ ಬಾರದು. ಬತ್ತಳಿಕೆಯಿಂದ ಬಾಣ ತೆಗೆದಂತೆ ಒಳಗಿನ ಚೀಲದಿಂದ ಇನ್ನೊಂದು ಬರುತ್ತದೆ.

ಈ ಈಟಿ ಮನುಷ್ಯನ ಚರ್ಮವನ್ನೂ ಭೇದಿಸಬಲ್ಲುದು. ಬಾಂಡಾ ದ್ವೀಪದಲ್ಲಿ ಇಂತಹ ಚಿಪ್ಪನ್ನು ಕೈಯಲ್ಲಿ ಹಿಡಿದ ಹೆಂಗಸೊಬ್ಬಳು ಸತ್ತ ಸಂಗತಿಯನ್ನು, 1705ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ರಂಫಿಯಸ್ ಎಂಬ ಪಂಡಿತನು ಬರೆದಿದ್ದಾನೆ. 1935ರಲ್ಲಿ ಆಸ್ಟ್ರೇಲಿಯದ ಹೇಮನ್ ದ್ವೀಪಕ್ಕೆ ವಿಹಾರಕ್ಕೆಂದು ಹೋದ ತರುಣನೊಬ್ಬನು, ಅಂಗೈಯಲ್ಲಿ ಚಿಪ್ಪನ್ನಿಟ್ಟುಕೊಂಡು ಚಾಕುವಿನಿಂದ ಅದರ ಹೊರಸಿಪ್ಪೆ ಕೆರೆಯುತ್ತಿದ್ದಾಗ ಕುಟುಕಿಸಿಕೊಂಡು ಕೆಲವೇ ಗಂಟೆಗಳಲ್ಲಿ ತೀರಿಕೊಂಡನು. ಈ ವಿಷಕ್ಕೆ ಪ್ರತಿವಿಷವಿಲ್ಲ. ಉಸಿರಾಟದ ಸ್ನಾಯುಗಳು ಸೋಲುವುದರಿಂದ, ವಿಷ ಇಳಿಯುವವರೆಗೆ ಕೃತಕವಾಗಿ ಉಸಿರಾಡಿಸುವುದೇ ರೋಗಿಯನ್ನು ಉಳಿಸುವ ದಾರಿ. ಕಪಾಟಿನ ಬರಿಯ ಚಿಪ್ಪಿಗೆ ಯಾರೂ ಅಂಜಬೇಕಾದುದಿಲ್ಲ. ಆದರೆ ನೀರಿನಲ್ಲಿ ಕಂಡುದನ್ನು ಮಕ್ಕಳು ಎತ್ತಿ ಜೇಬಿಗೆ ಹಾಕಿಕೊಳ್ಳದಂತೆ ತಾಯಂದಿರು ನೋಡಿಕೊಳ್ಳಬೇಕು. ಅಗಲವಾದ ಕಡೆ ಹಿಡಿದರೆ ಭಯವಿಲ್ಲವೆಂಬ ಮಾತನ್ನು ನಂಬಲಾಗದು. ಸೊಂಡಿಲು ಅಲ್ಲಿಗೂ ಹೊರಳೀತು.

ಇದೇ ಕುಲದಲ್ಲಿ 'ಮಾಂತ್ರಿಕ' ಎಂಬರ್ಥದ ಹೆಸರುಳ್ಳ ಒಂದು ಸಣ್ಣ ಜಾತಿಯಿದೆ. ಆ ಹೆಸರನ್ನು 1758ರಲ್ಲಿ ಇಟ್ಟವನು ಲಿನ್ನೇಯಸ್. ಫಿಲಿಪೈನ್ಸ್ ದೇಶದವರಾದ ಬಾಲ್ಡೊಮೆರೊ ಒಲಿವೆರಾ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದರ ವಿಷದ ಅಂಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸಿದರು. ಅವುಗಳಲ್ಲೊಂದು, ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲಿಯೇ ತಡೆಯುವುದೆಂದು ಕಂಡುಬಂತು. ಅದನ್ನೇ ಪ್ರಯೋಗಶಾಲೆಯಲ್ಲಿ ತಯಾರಿಸಿದ 'ಜಿಕೊನೊಟೈಡ್' ಎಂಬ ಔಷಧಕ್ಕೆ ಅಮೆರಿಕ ದೇಶದಲ್ಲಿ 2004ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು. ಅಫೀಮಿನ ವರ್ಗದ ಮದ್ದುಗಳಂತೆ ಇದು ಚಟ ಹಿಡಿಸುವುದಿಲ್ಲ. ಆದರೆ ಇದನ್ನು ಗುಳಿಗೆಯಾಗಿ ನುಂಗುವಂತಿಲ್ಲ. ಬೆನ್ನುಹುರಿಯ ಸುತ್ತಣ ದ್ರವಕ್ಕೆ ಸಣ್ಣ ಪಂಪಿನಿಂದ ಹನಿಹನಿಯಾಗಿ ಸೇರಿಸಬೇಕು. ಬುದ್ಧಿಭ್ರಮೆಯುಂಟಾಗುವ ಅಪಾಯವೂ ಇರುವುದರಿಂದ, ಬೇರಾವ ಮದ್ದಿಗೂ ಬಗ್ಗದ ನೋವಿನಿಂದ ನರಳುವವರಿಗೆ ಮಾತ್ರ ವೈದ್ಯರು ಇದನ್ನು ಕೊಡುತ್ತಾರೆ.