ಹೊಸ ಎಂ.ಡಿ. ಶಾಲೆಯೋ, ಹಳೆಯ ಡಿ.ಓ. ಶಾಲೆಯೋ

ಅಮೆರಿಕೆಯಲ್ಲಿ ನೆಲಸಿರುವ ಕನ್ನಡಿಗರ ಮನೆಗಳಲ್ಲಿ ವೈದ್ಯರಾಗಬಯಸುವ ಮಕ್ಕಳಿಗೆ, ಈಚೆಗೆ ಬಾಗಿಲು ತೆರೆದ ಎಂ.ಡಿ. ವಿದ್ಯಾಲಯವೊಂದರಿಂದಲೂ, ತಲೆಮಾರುಗಳಿಂದ ವೈದ್ಯರನ್ನು ರೂಪಿಸುತ್ತ ಬಂದಿರುವ ಡಿ.ಓ. ವಿದ್ಯಾಲಯವೊಂದರಿಂದಲೂ ಏಕಕಾಲದಲ್ಲಿ ಪ್ರವೇಶದ ಕರೆ ಬಂದಾಗ, ತಾಯಿತಂದೆಯರ ಮನಸ್ಸು ಬೇರೆ ವಿಚಾರಣೆಯಿಲ್ಲದೆ ಮೊದಲನೆಯದರತ್ತ ವಾಲುವುದುಂಟು. ಅದು ಸಹಜವೇ. ನಮ್ಮಲ್ಲಿ ಎಂ.ಡಿ. ಎಂಬುದು ಎಂ.ಬಿ.ಬಿ.ಎಸ್. ಆದ ಮೇಲೆ ಸಂಪಾದಿಸತಕ್ಕ ಉಚ್ಚ ಪದವಿ; ಡಿ.ಓ. ಎಂಬುದನ್ನು ಊರಿನ ನೆಂಟರು ಬಹುಶಃ ಕೇಳಿಯೂ ಇಲ್ಲ. ಅಮೆರಿಕೆಯಲ್ಲಾದರೋ ಇವೆರಡೂ ವೈದ್ಯವೃತ್ತಿಯ ಮೊದಲ ಪದವಿಗಳು. ಐವತ್ತು ಸಂಸ್ಥಾನಗಳಲ್ಲಿಯೂ ಔಷಧ ಬರೆಯುವ, ಶಸ್ತ್ರಚಿಕಿತ್ಸೆ ನಡೆಸುವ ಅಧಿಕಾರ ಎರಡಕ್ಕೂ ಸಮಾನ.

ಡಿ.ಓ. ಎಂಬ ಆಸ್ಟಿಯೋಪಥಿ ವೈದ್ಯಪದವಿಯ ಪರಂಪರೆಯ ಮೂಲದಲ್ಲಿ ಒಂದು ದಾರುಣ ದುಃಖವಿದೆ. ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯನು 1864ರಲ್ಲಿ ತನ್ನ ಮೂವರು ಮಕ್ಕಳನ್ನು ಮೆನಿಂಜೈಟಿಸ್ ರೋಗಕ್ಕೆ ಕಳೆದುಕೊಂಡು, ಪಾದರಸದ ಲವಣಗಳನ್ನು ಔಷಧವೆಂದು ಕೊಡುತ್ತಿದ್ದ ಆ ಕಾಲದ ಚಿಕಿತ್ಸಾಕ್ರಮದಲ್ಲಿ ನಂಬಿಕೆ ನೀಗಿ, ಎಲುಬು ಸ್ನಾಯುಗಳ ರಚನೆಯಲ್ಲಿಯೇ ಆರೋಗ್ಯದ ಮೂಲವನ್ನು ಅರಸಿ, 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಸ್ಟಿಯೋಪಥಿಯ ಮೊದಲ ಶಾಲೆಯನ್ನು ಸ್ಥಾಪಿಸಿದನು. ಅವನ ಸಿದ್ಧಾಂತಗಳೆಲ್ಲವೂ ವಿಜ್ಞಾನದ ಪರೀಕ್ಷೆಯಲ್ಲಿ ಉಳಿದು ಬಂದಿಲ್ಲ. ಕೈಯಿಂದ ನಡೆಸುವ ಚಿಕಿತ್ಸೆಯ ಪಾಠ ಇಂದಿಗೂ ನಡೆಯುತ್ತಿದೆಯಾದರೂ, ಮಿಕ್ಕ ವಿದ್ಯೆಯೆಲ್ಲ ಎಂ.ಡಿ.ಯವರು ಕಲಿಯತಕ್ಕದ್ದೇ.

ಕ್ಯಾಲಿಫೋರ್ನಿಯದಲ್ಲಿ 1962ರಲ್ಲಿ ನಡೆದುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಆ ಸಂಸ್ಥಾನದ ಎರಡು ವೈದ್ಯಸಂಘಗಳು ಒಂದಾದಾಗ, ಅಲ್ಲಿನ ಸಾವಿರಾರು ಮಂದಿ ಡಿ.ಓ. ವೈದ್ಯರು, ಮತ್ತೆ ನಾಲ್ಕು ವರ್ಷ ಓದಬೇಕಾಗದೆ, 65 ಡಾಲರು ಶುಲ್ಕ ತೆತ್ತು ಎಂ.ಡಿ.ಗಳಾದರು; ಅವರ ಆಸ್ಟಿಯೋಪಥಿ ವಿದ್ಯಾಲಯವೇ ಎಂ.ಡಿ. ವಿದ್ಯಾಲಯವಾಗಿ, ಮುಂದೆ ಅರ್ವೈನಿನ ವಿಶ್ವವಿದ್ಯಾಲಯದಲ್ಲಿ ಸೇರಿಕೊಂಡಿತು. ವಿದ್ಯೆಯ ಸಾರವು ಹೆಸರಿನ ಮುಂದಣ ಅಕ್ಷರಗಳಲ್ಲಿ ನೆಲೆಸಿದ್ದುದಾದರೆ ಇಂಥ ಪರಿವರ್ತನೆ ಹೇಗೆ ತಾನೆ ಸಾಧ್ಯವಾಗುತ್ತಿತ್ತು?

ಆದೊಡೆ ಅಕ್ಷರಕ್ಕೆ ಬೆಲೆಯೇ ಇಲ್ಲವೆಂದರೆ ಮಕ್ಕಳನ್ನು ವಂಚಿಸಿದಂತಾಗುತ್ತದೆ. ಪದವಿಯ ಬಳಿಕ ಆಸ್ಪತ್ರೆಗಳಲ್ಲಿ ಪಡೆಯುವ ರೆಸಿಡೆನ್ಸಿ ತರಬೇತಿಗಳು 2020ರಿಂದ ಒಂದೇ ಮಾನ್ಯತಾಮಂಡಲಿಯ ಕೆಳಗೆ ಬಂದಿವೆ. ಆ ತರಬೇತಿಯ ಸ್ಥಾನಗಳನ್ನು ಹಂಚುವ 2024ರ ಮ್ಯಾಚ್‌ನಲ್ಲಿ ಅಂತಿಮ ವರ್ಷದ ಎಂ.ಡಿ. ವಿದ್ಯಾರ್ಥಿಗಳಲ್ಲಿ ಶೇಕಡ 93.5 ಮಂದಿಗೂ ಡಿ.ಓ. ವಿದ್ಯಾರ್ಥಿಗಳಲ್ಲಿ ಶೇಕಡ 92.3 ಮಂದಿಗೂ ಸ್ಥಾನ ದೊರೆಯಿತು. ಈ ಸಾಮೀಪ್ಯದೊಳಗೆ ಅಡಗಿರುವ ಅಂತರವನ್ನೂ ಕಾಣಬೇಕು: ನರಶಸ್ತ್ರಚಿಕಿತ್ಸೆ, ಚರ್ಮರೋಗ ವಿಭಾಗ ಮುಂತಾಗಿ ಸ್ಪರ್ಧೆ ತೀವ್ರವಾಗಿರುವೆಡೆಗಳಲ್ಲಿ ಡಿ.ಓ.ಗಳಿಗೆ ಬಾಗಿಲು ಇಂದಿಗೂ ಕಿರಿದು. ಅಂಥ ಸ್ಥಾನವನ್ನು ಅಪೇಕ್ಷಿಸುವ ಡಿ.ಓ. ವಿದ್ಯಾರ್ಥಿಯು ತನಗೆ ವಿಧಿಸಿರುವ ಕಾಮ್ಲೆಕ್ಸ್ ಪರೀಕ್ಷೆಯ ಜೊತೆಗೆ ಎಂ.ಡಿ.ಗಳ ಯು.ಎಸ್.ಎಂ.ಎಲ್.ಇ.ಯನ್ನೂ ಬರೆದು ಇಮ್ಮಡಿ ಭಾರ ಹೊರುತ್ತಾನೆ. ಈ ಎರಡು ಪರೀಕ್ಷೆಗಳ ಮೊದಲ ಘಟ್ಟದಲ್ಲಿ 2022ರಿಂದ ಅಂಕಗಳು ಪ್ರಕಟವಾಗದೆ, ತೇರ್ಗಡೆ ಅಥವಾ ನಪಾಸು ಎಂಬಷ್ಟೇ ಉಳಿದಿರುವುದರಿಂದ, ಹೆಸರಾಗದ ವಿದ್ಯಾಲಯದ ಪ್ರತಿಭಾವಂತನಿಗಿದ್ದ ಒಂದು ಅವಕಾಶವೂ ತಪ್ಪಿತು. ಈ ನಷ್ಟ ಹೊಸ ಎಂ.ಡಿ. ಶಾಲೆಯವನಿಗೂ ತಟ್ಟಿದೆ.

ಹೊಸ ಎಂ.ಡಿ. ಶಾಲೆಗೆ ಪೂರ್ಣ ಮಾನ್ಯತೆ ಲಭಿಸುವುದು ಅದರ ಮೊದಲ ತಂಡವು ನಾಲ್ಕನೆಯ ವರ್ಷವನ್ನು ಮುಟ್ಟಿದ ಮೇಲೆಯೇ. ಅದುವರೆಗೆ ಪಾಠಕ್ರಮದ ಲೋಪಗಳು ಬಯಲಾಗುವುದೂ ತಿದ್ದುಪಡಿಯಾಗುವುದೂ ಮೊದಲು ಬಂದವರ ಅನುಭವದಿಂದ. ಇತ್ತ ಸ್ವಂತ ಆಸ್ಪತ್ರೆಯಿಲ್ಲದ ಡಿ.ಓ. ವಿದ್ಯಾಲಯಗಳು ಅನೇಕವಿದ್ದು, ಅವುಗಳ ವಿದ್ಯಾರ್ಥಿಗಳು ಮೂರನೆಯ ವರ್ಷದಿಂದ ಊರೂರಿನ ಆಸ್ಪತ್ರೆಗಳಿಗೆ ರೊಟೇಷನ್‌ಗೆಂದು ಹೋಗಬೇಕಾಗುತ್ತದೆ. ಹಣದ ವಿಷಯವೂ ಅಲ್ಪವಲ್ಲ. 2025ರಲ್ಲಿ ಬೆಂಟನ್‌ವಿಲ್‌ನಲ್ಲಿ ಆರಂಭವಾದ ಆಲಿಸ್ ವಾಲ್ಟನ್ ಎಂ.ಡಿ. ವಿದ್ಯಾಲಯವು ಮೊದಲ ಐದು ತಂಡಗಳಿಗೆ ಬೋಧನಾ ಶುಲ್ಕವನ್ನು ಮನ್ನಾ ಮಾಡಿದೆ. ಹೊಸದಾಗಿ ಸಾಲ ಪಡೆಯುವವರಿಗೆ 2026ರ ಜುಲೈ 1ರಿಂದ ಒಕ್ಕೂಟ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರಿಗೂ ಒಟ್ಟು 2 ಲಕ್ಷ ಡಾಲರಿಗೂ ಸೀಮಿತವಾಗಿರುವಾಗ, ಇಂಥ ಔದಾರ್ಯವನ್ನು ಲಘುವಾಗಿ ಕಾಣಲಾಗದು.

ಇವೆಲ್ಲವನ್ನೂ ತೂಗಿದ ಬಳಿಕ ನನಗೆ ಮುಖ್ಯವಾಗಿ ತೋರುವ ಪ್ರಶ್ನೆಯೊಂದೇ: ಕೊನೆಯ ಎರಡು ವರ್ಷಗಳಲ್ಲಿ ವಿದ್ಯಾರ್ಥಿಯು ಯಾವ ಆಸ್ಪತ್ರೆಯಲ್ಲಿ, ಯಾರ ಕೈಕೆಳಗೆ, ರೋಗಿಯ ಪಕ್ಕದಲ್ಲಿ ನಿಂತು ಕಲಿಯುವನು? ಕುಟುಂಬ ವೈದ್ಯನೋ ಮಕ್ಕಳ ವೈದ್ಯನೋ ಆಗಬಯಸುವವನಿಗೆ, ಈ ಪ್ರಶ್ನೆಗೆ ಊರುಗಳ ಹೆಸರು ಹೇಳಿ ಉತ್ತರ ಕೊಡಬಲ್ಲ ಹಳೆಯ ಡಿ.ಓ. ವಿದ್ಯಾಲಯವೇ ಲೇಸು, ಮದುವೆಮನೆಯಲ್ಲಿ ನೆಂಟರಿಗೆ ವಿವರಿಸಬೇಕಾದೀತೆಂಬ ಸಂಕೋಚದಿಂದ ಅವನನ್ನು ಬೇರೆಡೆಗೆ ದೂಡುವುದು ಅನ್ಯಾಯ. ನರಶಸ್ತ್ರಚಿಕಿತ್ಸೆಯಲ್ಲಿಯೇ ಮನಸ್ಸು ನೆಟ್ಟವನು ಹೊಸ ಎಂ.ಡಿ. ಶಾಲೆಯನ್ನು ಆಯ್ದುಕೊಳ್ಳಲಿ, ಆದರೆ ಅದಕ್ಕೆ ಹೊಂದಿದ ಆಸ್ಪತ್ರೆಯಲ್ಲಿ ಆ ವಿಭಾಗದ ರೆಸಿಡೆನ್ಸಿ ಉಂಟೇ ಎಂಬುದನ್ನು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವ ಮುನ್ನವೇ, ಅಲ್ಲಿ ಪಾಠ ಹೇಳಲಿರುವ ವೈದ್ಯರಿಂದ ಕೇಳಿ ತಿಳಿದುಕೊಳ್ಳಲಿ.